ದೊಡ್ಡ ಜಾಡಿಯನ್ನು ಹಿಡಿಯ ಮೇಲೆ ನಂಬಿಕೆ ಇಟ್ಟು ಎತ್ತಬೇಡಿ

ಮುಂಬೈಯಲ್ಲಿ ಮಣ್ಣಿನ ಕೆಲಸ ಕಲಿಯುತ್ತಿರುವವರು ದಯವಿಟ್ಟು ಇದನ್ನು ಓದಿ.

ಹೋದ ಮಳೆಗಾಲದಲ್ಲಿ ನಾನು ಒಂದೂವರೆ ಅಡಿ ಎತ್ತರದ ಜಾಡಿ ಮಾಡಿದ್ದೆ. ಎರಡೂ ಕಡೆ ಹಿಡಿ. ಈ ಮೇ ತಿಂಗಳಲ್ಲಿ ಡೊಂಬಿವಲಿಯ ನಮ್ಮ ಮನೆಯಲ್ಲಿ ಅದರ ತುಂಬ ಮಾವಿನ ಉಪ್ಪಿನಕಾಯಿ ಹಾಕಿಟ್ಟಿದ್ದೆವು. ಅತ್ತೆ ಎರಡೂ ಹಿಡಿ ಹಿಡಿದು ಎತ್ತಿದರು. ಒಂದು ಕಿತ್ತು ಕೈಗೆ ಬಂತು, ಜಾಡಿ ಅವರ ಪಾದದ ಮೇಲೆ ಬಿತ್ತು. ಹೆಬ್ಬೆರಳಿನ ಮೂಳೆ ಬಿರುಕು ಬಿಟ್ಟಿತು. ಮೂರು ವಾರ ಅವರು ಸರಿಯಾಗಿ ನಡೆಯಲಿಲ್ಲ.

ಕಿತ್ತು ಬಂದ ಹಿಡಿಯ ಬುಡ ನೋಡಿದೆ. ಅಂಟಿಸುವ ಮುಂಚೆ ನಾನು ಗೀಚಿದ ಗೀರುಗಳು ಹಾಗೇ ಇದ್ದವು. ಜಾಡಿಯ ಮಣ್ಣು ಒಂದು ಚೂರೂ ಅಂಟಿರಲಿಲ್ಲ.

ತಪ್ಪು ಎಲ್ಲಾಯಿತು ಅಂತ ಈಗ ಗೊತ್ತು. ಮಳೆಗಾಲ, ಏನೂ ಒಣಗಲ್ಲ ಅಂತ ಜಾಡಿಯನ್ನು ಫ್ಯಾನ್ ಕೆಳಗೆ ಇಟ್ಟಿದ್ದೆ. ಮುಂದಿನ ಭಾನುವಾರ ಹಿಡಿ ಎಳೆದೆ. ಒದ್ದೆ ಕೈಯಲ್ಲಿ, ಹಾಲು ಕರೆದ ಹಾಗೆ ಮಣ್ಣನ್ನು ಮೇಲಿಂದ ಕೆಳಕ್ಕೆ ಎಳೆಯುತ್ತಾ ಹೋಗಬೇಕು, ಚೆನ್ನಾಗಿಯೇ ಬಂದಿತ್ತು. ಹಸಿಯಾಗಿರುವಾಗಲೇ ಅಂಟಿಸಿಬಿಟ್ಟೆ. ಒಣಗುವಾಗ ಮಣ್ಣು ಕುಗ್ಗುತ್ತೆ ಅಲ್ವಾ? ಜಾಡಿ ಆಗಲೇ ಕುಗ್ಗಿತ್ತು, ಹಿಡಿ ಆಮೇಲೆ ಕುಗ್ಗಿ ಅಂಟಿದ ಜಾಗದಲ್ಲಿ ಬಿಟ್ಟುಕೊಂಡಿತು. ಕೂದಲೆಳೆಯಷ್ಟು ಬಿರುಕು ಕಂಡಿತ್ತು. ಸ್ಟುಡಿಯೋದವರು "ಸ್ಲಿಪ್ ತುಂಬಿ, ಗ್ಲೇಜ್ ಮುಚ್ಚಿಕೊಳ್ಳುತ್ತೆ" ಅಂದರು. ಸ್ಲಿಪ್ ಅಂದರೆ ನೀರಾಗಿ ಕಲಸಿದ ಮಣ್ಣು, ಗ್ಲೇಜ್ ಅಂದರೆ ಸುಟ್ಟಾಗ ಗಾಜಿನ ಹಾಗಾಗುವ ಲೇಪ. ನಾನೂ ಒಪ್ಪಿದೆ. ಗ್ಲೇಜ್ ಬಿರುಕನ್ನು ಮರೆಮಾಡುತ್ತೆ, ಹಿಡಿದಿಡುವುದಿಲ್ಲ. ಒಣಗುವಾಗಲೇ ಬಿರುಕು ಕಂಡರೆ ಆ ಜಾಡಿಯನ್ನು ಸುಡಬೇಡಿ, ಮಣ್ಣಿಗೆ ವಾಪಸ್ ಹಾಕಿ. ವಾರದ ಕೆಲಸ ಹೋದರೂ ಹೋಗಲಿ.

ಈಗ ನಾನು ಜಾಡಿಯನ್ನು ಪ್ಲಾಸ್ಟಿಕ್‌ನಲ್ಲಿ ಸುತ್ತಿಡುತ್ತೇನೆ. ಉಗುರು ಒತ್ತಿದರೆ ಗುರುತು ಬೀಳಬೇಕು, ಗೋಡೆ ಮಾತ್ರ ಬಗ್ಗಬಾರದು, ಆ ಹದ ಇರಬೇಕು. ಎಳೆದ ಹಿಡಿಯೂ ಬಾಗಿದ ಆಕಾರದಲ್ಲಿ ತಾನಾಗಿ ನಿಲ್ಲುವಷ್ಟು ಗಟ್ಟಿಯಾದ ಮೇಲೆ, ಒಳಗಿಂದ ಕೈ ಆನಿಸಿ ಒತ್ತಿ ಅಂಟಿಸುತ್ತೇನೆ. ಆಮೇಲೆ ಮತ್ತೆ ಎರಡು ಮೂರು ದಿನ ಮುಚ್ಚಿಡುತ್ತೇನೆ. ಹಿಡಿ ತೆಳು, ಬೇಗ ಒಣಗುತ್ತೆ, ಅದಕ್ಕೆ ಬೇರೆಯಾಗಿ ಪ್ಲಾಸ್ಟಿಕ್ ಸುತ್ತಬೇಕು.

ಸುಟ್ಟ ಮೇಲೆ ಬೆರಳ ಗೆಣ್ಣಿನಿಂದ ತಟ್ಟಿ ನೋಡಿ. ಟಣ್ ಅನ್ನದೆ ಮಂದ ಸದ್ದು ಬಂದರೆ ಅದನ್ನು ಬಳಸಬೇಡಿ. ಸದ್ದು ಚೆನ್ನಾಗಿದ್ದರೂ ತುಂಬಿದ ಜಾಡಿಗೆ ತಳದಲ್ಲಿ ಒಂದು ಕೈ ಇರಲೇಬೇಕು. ಧಾರಾವಿಯ ಕುಂಭಾರವಾಡದ ದೊಡ್ಡ ಮಡಕೆಗಳನ್ನು ನೋಡಿ, ಹಿಡಿಯೇ ಇಲ್ಲ.

ಅದೇ ಸಲ ಸುಟ್ಟ ಎರಡು ಹೂಜಿಗಳನ್ನು ಮಾಟುಂಗದ ಗೆಳತಿಗೆ ಕೊಟ್ಟಿದ್ದೆ. ಹೋಗಿ ವಾಪಸ್ ತಂದೆ. ಒಂದರ ಹಿಡಿಯ ಬುಡದಲ್ಲಿ ಅದೇ ಕೂದಲೆಳೆ ಬಿರುಕು ಇತ್ತು.