ಕೀಬೋರ್ಡ್, ಪಿಟೀಲು, ತಬಲ: ಸ್ವರಜ್ಞಾನವಿಲ್ಲದ ಅಪ್ಪನ ತಾಳೆಪಟ್ಟಿ

ನಾನು ದಾವಣಗೆರೆಯ ಮಂಡಿಯೊಂದರಲ್ಲಿ ಲೆಕ್ಕ ಬರೆಯುವವನು. ಮೆಕ್ಕೆಜೋಳದ ಚೀಲ, ತೂಕ, ಹಮಾಲಿ, ದಲಾಲಿ ಇಷ್ಟೇ ನನ್ನ ಪ್ರಪಂಚ. ಗಣಪತಿ ಹಬ್ಬದಲ್ಲಿ ಭಜನೆಗೆ ಕುಳಿತರೆ ಎರಡನೆಯ ಹಾಡಿನ ಹೊತ್ತಿಗೆ ಪಕ್ಕದವರು ಮೆಲ್ಲಗೆ ನನ್ನ ಕೈಯಿಂದ ತಾಳ ತೆಗೆದುಕೊಂಡಿರುತ್ತಾರೆ.

ಅಂಥವನ ಮನೆಗೆ ಮೂರು ವಾದ್ಯಗಳು ಬಂದವು. 2018ರಲ್ಲಿ ಮಗಳಿಗೆ ಕೀಬೋರ್ಡ್, 2021ರಲ್ಲಿ ಅವಳಿಗೇ ಪಿಟೀಲು, ಅದೇ ವರ್ಷ ಮಗನಿಗೆ ತಬಲ. ಪರೀಕ್ಷೆಗಳೂ ಮೂರು: ಕೀಬೋರ್ಡಿಗೆ ಲಂಡನ್ನಿನ ಟ್ರಿನಿಟಿ ಕಾಲೇಜಿನದು, ಪಿಟೀಲಿಗೆ ನಮ್ಮ ರಾಜ್ಯದ ಜೂನಿಯರ್, ತಬಲಕ್ಕೆ ಅಖಿಲ ಭಾರತೀಯ ಗಾಂಧರ್ವ ಮಹಾವಿದ್ಯಾಲಯ ಮಂಡಳದ ಪ್ರಾರಂಭಿಕ. ಯಾವುದಕ್ಕೆ ಸೇರಿಸೋಣ ಎಂದು ಬೀದಿಯವರು ನನ್ನನ್ನೇ ಕೇಳತೊಡಗಿದ್ದಾರೆ. ಸಂಗೀತ ಬಲ್ಲವರ ಉತ್ತರ ಬೇರೆಯೇ ಇದ್ದೀತು. ನನ್ನ ಅಳತೆಗೋಲು ಒಂದೇ: ಏನೂ ತಿಳಿಯದ ಅಪ್ಪ, ಅಮ್ಮ ಮನೆಯಲ್ಲಿ ಪಕ್ಕದಲ್ಲಿ ಕುಳಿತು ಮಗುವಿಗೆ ಎಷ್ಟು ಒದಗಬಹುದು?

ನಮ್ಮೂರಿನಲ್ಲಿ ಈ ಪ್ರಶ್ನೆ ಸ್ವಲ್ಪ ಹೆಚ್ಚೇ ಗೋಜಲು. ಧಾರವಾಡದವರಾಗಿದ್ದರೆ ಹಿಂದೂಸ್ತಾನಿ, ಮೈಸೂರಿನವರಾಗಿದ್ದರೆ ಕರ್ನಾಟಕ ಸಂಗೀತ ಎಂದು ಕಣ್ಣು ಮುಚ್ಚಿ ಸೇರಿಸಿಬಿಡಬಹುದಿತ್ತು. ನಾವಿರುವುದು ನಡುವೆ. ಗದಗಿನ ವೀರೇಶ್ವರ ಪುಣ್ಯಾಶ್ರಮದಲ್ಲಿ ಕಲಿತ ಗವಾಯಿಗಳೂ ಇಲ್ಲಿ ಸಿಗುತ್ತಾರೆ, ಸರಳೆ, ಜಂಟಿ ಎಂಬ ಕರ್ನಾಟಕ ಸಂಗೀತದ ಮೊದಲ ಪಾಠಗಳನ್ನು ಹೇಳಿಕೊಡುವ ಟೀಚರೂ ಸಿಗುತ್ತಾರೆ. ನನ್ನ ತಾಯಿಗೆ ವಚನ ಗಾಯನವಾದರೆ ಸಾಕು. ಹೆಂಡತಿಯ ತವರು ಶಿವಮೊಗ್ಗದ ಕಡೆ, ಅವಳಿಗೆ ದೇವರನಾಮವೇ ಆಗಬೇಕು. ಈ ಜಗಳವೇ ಬೇಡವೆಂದು ಮೊದಲು ಕೀಬೋರ್ಡ್ ತಂದೆವು.

ಅರವತ್ತೊಂದು ಮನೆಗಳ, ಅಂದರೆ ಕೀಗಳ ಕೀಬೋರ್ಡ್, ಸುಮಾರು ಹನ್ನೊಂದು ಸಾವಿರ ರೂಪಾಯಿ. ಇದರ ಗುಣವನ್ನು ಮೊದಲೇ ಹೇಳಿಬಿಡುತ್ತೇನೆ: ಒತ್ತಿದರೆ ಸ್ವರ ಬರುತ್ತದೆ, ಬಂದ ಸ್ವರ ಸರಿಯಾಗಿಯೇ ಇರುತ್ತದೆ. ಶ್ರುತಿ ಮಾಡುವ ಗೊಡವೆ ಇಲ್ಲ. ಎಂಟು ವರ್ಷದ ಮಗಳು ಮೂರನೆಯ ವಾರಕ್ಕೇ ಹುಟ್ಟುಹಬ್ಬದ ಹಾಡು ನುಡಿಸಿದಳು, ಬಂದ ನೆಂಟರೆಲ್ಲ ಚಪ್ಪಾಳೆ ತಟ್ಟಿದರು. ಹೆಡ್‌ಫೋನ್ ಹಾಕಿದರೆ ಮನೆಯವರಿಗೆ ಸದ್ದೂ ಇಲ್ಲ. ನಾನು ಖುಷಿಯಾಗಿ ಮಂಡಿಗೆ ಹೋಗುತ್ತಿದ್ದೆ.

ಒಂದು ಸಂಜೆ ತಾಯಿ ಹೇಳಿದರು, "ಇವತ್ತು ಕೂಸು ಎಷ್ಟು ಚಂದ ನುಡಿಸಿತಪ್ಪಾ! ಎರಡೂ ಕೈ, ಜೊತೆಗೆ ಡೋಲೂ ಇತ್ತು." ಡೋಲು ಎಲ್ಲಿಂದ ಬಂತು ಎಂದು ಹೋಗಿ ನೋಡಿದರೆ, ಕೀಬೋರ್ಡಿನಲ್ಲಿ ಡೆಮೊ ಎಂಬ ಗುಂಡಿಯಿದೆ. ಅದನ್ನು ಒತ್ತಿದರೆ ಹಾಡು ತಾನೇ ನುಡಿಯುತ್ತದೆ. ಮಗಳು ಅದನ್ನು ಒತ್ತಿಟ್ಟು, ಮೇಲೆ ಬೆರಳಾಡಿಸುತ್ತ ಕುಳಿತಿದ್ದಳು. ನಗು ಬಂತು, ಬೈಯಲಾಗಲಿಲ್ಲ. ಅಜ್ಜಿಗಂತೂ ಇವತ್ತಿಗೂ ಈ ವಿಷಯ ಹೇಳಿಲ್ಲ.

ಟ್ರಿನಿಟಿ ಪರೀಕ್ಷೆಯ ಪದ್ಧತಿ ಮಾತ್ರ ನನ್ನಂಥ ಲೆಕ್ಕದವನಿಗೆ ಹೇಳಿ ಮಾಡಿಸಿದ ಹಾಗಿದೆ. ಒಟ್ಟು 100 ಅಂಕ. ಮೂರು ಹಾಡಿಗೆ ತಲಾ 22, ಸ್ವರಶ್ರೇಣಿ ಮೊದಲಾದ ತಾಂತ್ರಿಕ ಭಾಗಕ್ಕೆ 14, ಇನ್ನೆರಡು ಸಣ್ಣ ಪರೀಕ್ಷೆಗಳಿಗೆ ಹತ್ತು ಹತ್ತು. 60 ಬಂದರೆ ಪಾಸು, 75ಕ್ಕೆ ಮೆರಿಟ್, 87ಕ್ಕೆ ಡಿಸ್ಟಿಂಕ್ಷನ್. ಮಗಳು 2019ರಲ್ಲಿ ಬೆಂಗಳೂರಿಗೆ ಹೋಗಿ ಒಂದನೆಯ ಗ್ರೇಡ್ ಬರೆದಳು. ಬರೆದಳು ಎನ್ನುವುದು ಬಾಯಿಮಾತು, ನುಡಿಸಿದಳು ಎನ್ನಬೇಕು. 71 ಬಂತು. ಯಾವ ಹಾಡಿನಲ್ಲಿ ಲಯ ಓಡಿತು, ಎಲ್ಲಿ ಎಡಗೈ ಹಿಂದುಳಿಯಿತು ಎಂದು ಪರೀಕ್ಷಕರು ಸಾಲು ಸಾಲಾಗಿ ಬರೆದಿದ್ದರು. ಇಷ್ಟು ಚೊಕ್ಕವಾದ ಲೆಕ್ಕಪತ್ರವನ್ನು ನಾನು ಮಂಡಿಯಲ್ಲೂ ಕಂಡಿಲ್ಲ. ಈಗ ಮನೆಯಲ್ಲೇ ವೀಡಿಯೊ ಮಾಡಿ ಕಳಿಸುವ ಪರೀಕ್ಷೆಯೂ ಇದೆ, ಆ ಇನ್ನೂರೈವತ್ತು ಚಿಲ್ಲರೆ ಕಿಲೋಮೀಟರ್ ಪ್ರಯಾಣ ಉಳಿಯುತ್ತದೆ.

ಕೆಟ್ಟದ್ದು ಎಲ್ಲಿ ಎಂದರೆ, ಅವಳು ಹೋಗುತ್ತಿದ್ದ ತರಗತಿಯಲ್ಲಿ ಹನ್ನೊಂದು ತಿಂಗಳು ಕಲಿಸಿದ್ದು ಆ ಮೂರೇ ಹಾಡು. ಪರೀಕ್ಷೆ ಮುಗಿದ ಮೇಲೆ ನಾಲ್ಕನೆಯದನ್ನು ನುಡಿಸೆಂದರೆ ಬಾರದು. ಇದು ಪರೀಕ್ಷೆಯ ತಪ್ಪಲ್ಲ, ಪಠ್ಯದಲ್ಲಿ ಹಾಡುಗಳ ಆಯ್ಕೆ ಸಾಕಷ್ಟಿತ್ತು. ಅಂಕದ ಹಿಂದೆ ಬಿದ್ದ ಕಲಿಸುವವರದು ಅರ್ಧ, ತಿಂಗಳಿಗೊಮ್ಮೆ ಹೋಗಿ "ಮೆರಿಟ್ ಬರುತ್ತದೆಯೇ ಸಾರ್?" ಎಂದು ಕೇಳುತ್ತಿದ್ದ ನನ್ನದು ಇನ್ನರ್ಧ. ಮರುವರ್ಷ ಲಾಕ್‌ಡೌನ್ ಬಂತು, ಕೀಬೋರ್ಡ್ ಅಟ್ಟ ಸೇರಿತು.

ತಬಲದ ಕಥೆ ಬೇರೆ. ಇದರಲ್ಲಿ ನಾನು ಮೊಟ್ಟಮೊದಲ ಬಾರಿಗೆ ಉಪಯೋಗಕ್ಕೆ ಬಂದೆ.

ತೀನ್‌ತಾಲಕ್ಕೆ ಹದಿನಾರು ಮಾತ್ರೆ, ಅಂದರೆ ಹದಿನಾರು ಎಣಿಕೆ, ನಾಲ್ಕು ನಾಲ್ಕರ ನಾಲ್ಕು ಭಾಗ. ಒಂದು, ಐದು, ಹದಿಮೂರಕ್ಕೆ ಚಪ್ಪಾಳೆ. ಒಂಬತ್ತಕ್ಕೆ ಖಾಲಿ, ಅಂದರೆ ಕೈ ಬೀಸುವುದು. ಇದನ್ನು ತಬಲ ಕಲಿಸುವ ಗವಾಯಿಗಳು ನನ್ನನ್ನೂ ಕೂರಿಸಿಕೊಂಡು ಹೇಳಿಕೊಟ್ಟರು. "ನೀವು ಬರೀ ಎಣಿಸಿರಿ, ಉಳಿದದ್ದು ಹುಡುಗ ನೋಡಿಕೊಳ್ಳುತ್ತಾನೆ" ಎಂದರು. ಎಣಿಸುವುದು ನನಗೆ ಬರುತ್ತದಲ್ಲ! ಬೆಳಗ್ಗೆ ಆರರಿಂದ ಆರೂವರೆಯವರೆಗೆ ಮಗನ ಎದುರು ಚಕ್ಕಲಮಕ್ಕಲ ಹಾಕಿ ಕುಳಿತು ಕೈಯಲ್ಲಿ ತಾಳ ಹಾಕುತ್ತಿದ್ದೆ. ಧಾ ಧಿನ್ ಧಿನ್ ಧಾ, ಧಾ ಧಿನ್ ಧಿನ್ ಧಾ, ಧಾ ತಿನ್ ತಿನ್ ತಾ, ತಾ ಧಿನ್ ಧಿನ್ ಧಾ. ಮೂರನೆಯ ಸಾಲಿನಲ್ಲಿ ಎಡಗೈಯ ಡಗ್ಗದ ಗುಂಯ್‌ಗುಟ್ಟುವಿಕೆ ನಿಂತು ಸದ್ದು ಬೋಳಾಗುತ್ತದೆ, ಖಾಲಿ ಬಂತೆಂದು ಕಿವುಡನಿಗೂ ತಿಳಿಯುತ್ತದೆ. ಹುಡುಗ ಅವಸರ ಮಾಡಿ ಒಂದು ಮಾತ್ರೆ ನುಂಗಿದರೆ ಅವನ ಧಾ ಬಿದ್ದಾಗ ನನ್ನ ಬೆರಳು ಇನ್ನೂ ಹದಿನಾರರ ಮೇಲಿರುತ್ತಿತ್ತು. "ಒಂದು ಚೀಲ ಕಡಿಮೆ ಬಂತು" ಎನ್ನುತ್ತಿದ್ದೆ. ಅವನಿಗೆ ಆ ಮಾತು ಬಹಳ ಹಿಡಿಸಿತ್ತು.

ತಪ್ಪದೆ ಎಷ್ಟು ಆವರ್ತನ, ಅಂದರೆ ತಾಳದ ಪೂರ್ತಿ ಸುತ್ತು, ಬಾರಿಸಿದ ಎಂದು ಹಳೆಯ ಚೋಪಡಿಯಲ್ಲಿ ದಿನವೂ ಬರೆದಿಟ್ಟೆ. ಮೊದಲ ವಾರ ಆರು, ಮೂರನೆಯ ತಿಂಗಳಿಗೆ ನಲವತ್ತು. ಗಾಂಧರ್ವದ ಮೊದಲ ಎರಡು ಹಂತ, ಅಂದರೆ ಪ್ರಾರಂಭಿಕ ಮತ್ತು ಪ್ರವೇಶಿಕಾ ಪ್ರಥಮಕ್ಕೆ ಲಿಖಿತ ಪರೀಕ್ಷೆಯಿಲ್ಲ, ಪರೀಕ್ಷಕರ ಎದುರು ಕುಳಿತು ಬಾರಿಸುವುದು, ಕೇಳಿದ್ದಕ್ಕೆ ಉತ್ತರ ಹೇಳುವುದು. ಅಕ್ಷರ ದುಂಡಗಿಲ್ಲದ ಮಗುವಿಗೆ ಇದೊಂದು ದೊಡ್ಡ ವರ. ನಮ್ಮವನನ್ನು ಕೇಳಿದ ಮೊದಲ ಪ್ರಶ್ನೆಯೇ ಝಪ್‌ತಾಲದ ಹತ್ತು ಮಾತ್ರೆಗಳನ್ನು ಕೈಯಲ್ಲಿ ತೋರಿಸು ಎಂಬುದು. ಹೊರಗೆ ಬಾಗಿಲ ಸಂದಿಯಲ್ಲಿ ನಿಂತಿದ್ದ ನನ್ನ ಕೈಯೂ ಆಡುತ್ತಿತ್ತು, ಪಕ್ಕದಲ್ಲಿದ್ದ ಇನ್ನೊಬ್ಬ ಹುಡುಗನ ತಾಯಿ ನಕ್ಕರು.

ಅಷ್ಟಕ್ಕೇ ನಿಂತಿದ್ದರೆ ತಬಲಕ್ಕೆ ನೂರಕ್ಕೆ ನೂರು ಕೊಡುತ್ತಿದ್ದೆ. ಅಕ್ಟೋಬರ್ ಬಂತು. ಮೆಕ್ಕೆಜೋಳದ ಆವಕ ಶುರುವಾದರೆ ನನಗೆ ಬೆಳಗೂ ಇಲ್ಲ, ರಾತ್ರಿಯೂ ಇಲ್ಲ. ಹದಿನೈದು ದಿನ ಬಿಟ್ಟು ಚೋಪಡಿ ತೆಗೆದರೆ ಒಂದು ಸಾಲೂ ಸೇರಿಲ್ಲ. ಕೇಳಿದರೆ, "ನೀನು ಎಣಿಸಲು ಬರಲೇ ಇಲ್ಲವಲ್ಲಪ್ಪಾ" ಎಂದ. ತಬಲ ಸಿಂಬೆಯ ಮೇಲೆ ಧೂಳು ಹಿಡಿದು ಕುಳಿತಿತ್ತು. ಲೆಹರಾ ಹಾಕುವ ಆ್ಯಪ್ ಒಂದನ್ನು ಮೊಬೈಲಿಗೆ ತುಂಬಿಕೊಟ್ಟೆ. ಹದಿನಾರು ಮಾತ್ರೆಯ ಹಾರ್ಮೋನಿಯಂ ಧಾಟಿ ಸುತ್ತಿ ಸುತ್ತಿ ಬರುತ್ತದೆ, ಒಬ್ಬನೇ ಬಾರಿಸಬಹುದು. ಉಪಯೋಗವಾಯಿತು, ಆದರೆ ಆ ಚೋಪಡಿಯ ರುಚಿ ಅದಕ್ಕೆ ಬರಲಿಲ್ಲವಂತೆ. ಈಗಲೂ ನಾನಿದ್ದ ದಿನ ಬಾರಿಸುವುದೇ ಬೇರೆ, ಇಲ್ಲದ ದಿನ ಬಾರಿಸುವುದೇ ಬೇರೆ.

ಪಿಟೀಲಿನಲ್ಲಿ ನನಗೆ ಮಾಡಲು ಏನೂ ಇರಲಿಲ್ಲ, ಸಹಿಸುವುದೊಂದು ಬಿಟ್ಟು. ಕೀಬೋರ್ಡಿನ ಹಾಗೆ ಇದರಲ್ಲಿ ಮನೆಗಳಿಲ್ಲ, ವೀಣೆಯ ಹಾಗೆ ಮೆಟ್ಟಿಲುಗಳಿಲ್ಲ. ಬರೀ ತಂತಿ. ಮಾಯಾಮಾಳವಗೌಳ ರಾಗದಲ್ಲಿ ಷಡ್ಜಕ್ಕೆ (ಸ) ಅಂಟಿಕೊಂಡೇ ರಿಷಭ (ರಿ), ಬೆರಳು ಕೂದಲೆಳೆಯಷ್ಟು ಜಾರಿದರೂ ಬೆಕ್ಕು ಕೂಗಿದಂತೆ. ನಮ್ಮಲ್ಲಿ ನೆಲದ ಮೇಲೆ ಕುಳಿತು, ಪಿಟೀಲಿನ ತುದಿಯನ್ನು ಬಲಪಾದದ ಮೇಲಿಟ್ಟು ನುಡಿಸುವುದು. ಹಾಗೆ ಕೂರುವುದನ್ನು ಕಲಿಯಲೇ ಎರಡು ವಾರ ಹಿಡಿಯಿತು. ಆರು ತಿಂಗಳು ಸರಳೆ, ಜಂಟಿ. ಮೇಲಿನ ಮನೆಯ ಬಾಡಿಗೆಯವರು ಒಂದು ದಿನ ಬಂದು, "ಮಗುವಿಗೆ ಹುಷಾರಿಲ್ಲವೇ?" ಎಂದು ವಿಚಾರಿಸಿಕೊಂಡು ಹೋದರು.

ಸರಿಯೋ ತಪ್ಪೋ ನನಗೆ ತಿಳಿಯದು. ತಿಳಿಯದಿದ್ದರೆ ಸುಮ್ಮನಿರಬೇಕಿತ್ತು. ಸ್ವರ ಸರಿಯಿದೆಯೇ ಎಂದು ಮುಳ್ಳು ಆಡಿಸಿ ತೋರಿಸುವ ಆ್ಯಪ್ ಹುಡುಕಿ ಅವಳ ಮುಂದಿಟ್ಟೆ. ಮುಳ್ಳು ನಡುವೆ ನಿಂತರೆ ಹಸಿರು, ಸರಿದರೆ ಕೆಂಪು. ನನ್ನ ತಕ್ಕಡಿಯೇ! ಹದಿನೈದು ದಿನದಲ್ಲಿ ಹಸಿರು ಹೆಚ್ಚಾಯಿತು, ನಾನು ಬೀಗಿದೆ. ಆ ವಾರದ ಪಾಠದಲ್ಲಿ ಟೀಚರ್ ಕೇಳಿದರಂತೆ, "ಯಾಕೆ ಪ್ರತಿ ಸ್ವರಕ್ಕೂ ನಿಂತು ಎಡಕ್ಕೆ ನೋಡುತ್ತೀಯ?" ಮೊಬೈಲನ್ನು ಮನೆಯಲ್ಲಿ ಎಡಗಡೆಯ ಸ್ಟೂಲಿನ ಮೇಲೆ ಇಡುತ್ತಿದ್ದೆವು. ಕಿವಿಯ ಕೆಲಸವನ್ನು ಕಣ್ಣಿಗೆ ಹಚ್ಚಿದ್ದೆ. ಟೀಚರ್ ನನಗೇ ಫೋನ್ ಮಾಡಿ, ತಂಬೂರಿಯ ಶ್ರುತಿಯೊಂದನ್ನು ಬಿಟ್ಟು ಬೇರೆ ಯಾವ ಯಂತ್ರವೂ ಬೇಡ ಎಂದು ಕಡ್ಡಿ ಮುರಿದಂತೆ ಹೇಳಿದರು.

ಅಂದಿನಿಂದ ನಾನು ಆ ಕೋಣೆಗೆ ಕಾಲಿಡಲಿಲ್ಲ. ಹೊರಗೆ ಪೇಪರ್ ಓದುತ್ತ ಕೂಡುತ್ತಿದ್ದೆ. ಎರಡನೆಯ ವರ್ಷದ ನಡುವೆ ಎಲ್ಲೋ ಒಂದು ದಿನ ಗಮನಿಸಿದೆ: ಅವಳು ತಪ್ಪಿದಾಗ ತಾನೇ ನಿಲ್ಲಿಸಿ, ಆ ಒಂದು ಸ್ವರವನ್ನೇ ನಾಲ್ಕು ಸಲ ಎಳೆದು, ಸರಿಯಾದ ಮೇಲೆ ಮುಂದೆ ಹೋಗುತ್ತಿದ್ದಾಳೆ. ಯಾರೂ ಹೇಳುವವರಿರಲಿಲ್ಲ. ತಬಲದ ಹುಡುಗನಿಗೆ ಎಣಿಸುವ ಅಪ್ಪನಿದ್ದ, ಇವಳಿಗೆ ಯಾರೂ ಇರಲಿಲ್ಲವಾದ್ದರಿಂದ ತನ್ನ ಕಿವಿಯನ್ನೇ ನೆಚ್ಚಬೇಕಾಯಿತು ಎಂದು ನನಗೆ ಅನ್ನಿಸುತ್ತದೆ. ಟೀಚರ್ ಇದನ್ನು ಒಪ್ಪುವುದಿಲ್ಲ. ಅಕ್ಕ ತಮ್ಮನ ಸ್ವಭಾವವೇ ಬೇರೆ ಎನ್ನುತ್ತಾರೆ.

ರಾಜ್ಯದ ಜೂನಿಯರ್ ಪರೀಕ್ಷೆಯನ್ನು ಅವಳು 2024ರಲ್ಲಿ ಮುಗಿಸಿದಳು. ಮೊದಲು ಪ್ರೌಢಶಿಕ್ಷಣ ಪರೀಕ್ಷಾ ಮಂಡಳಿ ನಡೆಸುತ್ತಿದ್ದ ಈ ಪರೀಕ್ಷೆಗಳು ಈಗ ಮೈಸೂರಿನ ಡಾ. ಗಂಗೂಬಾಯಿ ಹಾನಗಲ್ ಸಂಗೀತ ವಿಶ್ವವಿದ್ಯಾಲಯದ ಕೈಯಲ್ಲಿವೆ. ಜೂನಿಯರ್ ಆದ ಮೇಲೆ ಸೀನಿಯರ್, ಆಮೇಲೆ ವಿದ್ವತ್ ಪೂರ್ವ, ವಿದ್ವತ್ ಅಂತಿಮ. ಇಲ್ಲಿ ನುಡಿಸುವುದರ ಜೊತೆಗೆ ಶಾಸ್ತ್ರದ ಲಿಖಿತ ಪತ್ರಿಕೆಯೂ ಉಂಟು, ಕನ್ನಡದಲ್ಲೇ ಬರೆಯಬಹುದು. ನನ್ನ ಸರದಿ ಬಂದದ್ದು ಆಗಲೇ. ತಾಳದಲ್ಲಿ ಬೆರಳೆಣಿಸುವ ಭಾಗ ಲಘು, ಅದರ ಎಣಿಕೆ ಜಾತಿಗೆ ತಕ್ಕಂತೆ ಬದಲಾಗುತ್ತದೆ. ಚಪ್ಪಾಳೆ, ತಿರುವು ಸೇರಿ ಎರಡೆಣಿಕೆಯ ಭಾಗ ದ್ರುತ. ಸುಳಾದಿ ಸಪ್ತತಾಳಗಳು ಏಳು, ಲಘುವಿನ ಜಾತಿ ಐದು, ಒಟ್ಟು 35 ತಾಳ. ಇದು ಸಂಗೀತವೇ ಅಲ್ಲ, ಕೋಷ್ಟಕ! ಲೆಕ್ಕದ ಉದ್ದ ಹಾಳೆಯಲ್ಲಿ ಗೆರೆ ಎಳೆದು ಮೂವತ್ತೈದನ್ನೂ ತುಂಬಿಸಿಕೊಟ್ಟೆ. ಧ್ರುವತಾಳವೆಂದರೆ ಲಘು, ದ್ರುತ, ಲಘು, ಲಘು. ಚತುರಶ್ರ ಜಾತಿಯಾದರೆ ನಾಲ್ಕು, ಎರಡು, ನಾಲ್ಕು, ನಾಲ್ಕು, ಕೂಡಿದರೆ 14. ಲಘುವಿಗೆ ಒಂಬತ್ತರ ಸಂಕೀರ್ಣವಾದರೆ 29. ಖಂಡಜಾತಿ ಅಟತಾಳ ಐದು, ಐದು, ಎರಡು, ಎರಡು, ಅದೂ 14.

"ಎರಡೂ ಹದಿನಾಲ್ಕೇ ಆದರೆ ಹೆಸರು ಬೇರೆ ಯಾಕಮ್ಮಾ?" ಎಂದು ಕೇಳಿದೆ. ಮಗಳು ಪೆನ್ಸಿಲ್ ಕೆಳಗಿಟ್ಟು ತೊಡೆಯ ಮೇಲೆ ಒಂದನ್ನು ಹಾಕಿ ತೋರಿಸಿದಳು, ಆಮೇಲೆ ಇನ್ನೊಂದನ್ನು. ಒಂದರಲ್ಲಿ ಕೈ ಬೇಗ ತಿರುವಿ ಮತ್ತೆ ಬೆರಳಿಗೆ ಬರುತ್ತದೆ. ಇನ್ನೊಂದರಲ್ಲಿ ಬೆರಳೆಣಿಕೆ ಉದ್ದಕ್ಕೆ ಹೋಗಿ ಕೊನೆಗೆ ಎರಡು ತಿರುವು. "ಕೂಡಿದರೆ ಒಂದೇ ಅಪ್ಪಾ. ಹಾಕಿದರೆ ಬೇರೆ" ಎಂದಳು. ಹಾಳೆಯಲ್ಲಿ ಎರಡಕ್ಕೂ 14 ಎಂದೇ ಇದೆ, ನಾನು ತಿದ್ದಿಲ್ಲ.

ಖರ್ಚಿನ ವಿಷಯ ಎರಡೇ ಮಾತು. ಲಂಡನ್ ಪರೀಕ್ಷೆಯ ಶುಲ್ಕ ಉಳಿದೆರಡಕ್ಕಿಂತ ಹಲವು ಪಟ್ಟು ಹೆಚ್ಚು. ಪಿಟೀಲು ಅಗ್ಗವೆಂದು ತಂದರೆ ಮಗು ಬೆಳೆದ ಹಾಗೆ ಮುಕ್ಕಾಲು ಅಳತೆಯದನ್ನು ಬಿಟ್ಟು ಪೂರ್ಣ ಅಳತೆಯದನ್ನು ಮತ್ತೆ ಕೊಳ್ಳಬೇಕು. ತಬಲದ ಶ್ರುತಿ ಮಳೆಗಾಲದಲ್ಲಿ ಇಳಿಯುತ್ತದೆ, ಪಕ್ಕದ ಮರದ ಗಟ್ಟಿಗಳನ್ನು ಬಡಿದು ಏರಿಸುವುದನ್ನು ದೊಡ್ಡವರು ಕಲಿಯಬೇಕು. ಆನ್‌ಲೈನ್ ಪಾಠ ತಬಲಕ್ಕೆ ನಡೆಯಲೇ ಇಲ್ಲ. ಗವಾಯಿಗಳ ಚಪ್ಪಾಳೆ ನಮ್ಮ ಮೊಬೈಲಿಗೆ ತಡವಾಗಿ ಬರುತ್ತಿತ್ತು, ಹುಡುಗನ ಪೆಟ್ಟು ಅವರಿಗೆ ಇನ್ನೂ ತಡವಾಗಿ ಹೋಗುತ್ತಿತ್ತು, ಇಬ್ಬರೂ ಒಬ್ಬರಿಗೊಬ್ಬರು ಕಾಯುತ್ತ ಕೂಡುತ್ತಿದ್ದರು.

ನನ್ನಂಥ ಅಪ್ಪಂದಿರಿಗೆ ಮೊದಲ ವರ್ಷಕ್ಕೆ ತಬಲವನ್ನೇ ಹೇಳುತ್ತೇನೆ, ಸುಗ್ಗಿಯ ಕಾಲದಲ್ಲಿ ಎಣಿಸಲು ಮನೆಯಲ್ಲಿ ಇನ್ನೊಬ್ಬರು ಇದ್ದರೆ. ಕೀಬೋರ್ಡಿಗೆ ಹೋಗುವುದಾದರೆ ಪರೀಕ್ಷೆಗಿಲ್ಲದ ಹಾಡುಗಳನ್ನೂ ಕಲಿಸುತ್ತಾರೆಯೇ ಎಂದು ಮೊದಲು ಕೇಳಿಕೊಳ್ಳಿ. ಪಿಟೀಲಿಗೆ ಎರಡು ವರ್ಷ ಬಾಯಿ ಮುಚ್ಚಿಕೊಂಡಿರುವ ತಾಳ್ಮೆ ಬೇಕು, ಅದಿಲ್ಲದವರು ಸೇರಿಸಬೇಡಿ. ಮಗಳಿಗೆ ಈ ವರ್ಷ ಎಸ್ಸೆಸ್ಸೆಲ್ಸಿ, ಸೀನಿಯರ್ ಮುಂದಕ್ಕೆ ಹೋಗಿದೆ. ಆದರೂ ರಾತ್ರಿ ಓದು ಮುಗಿಸಿ ವರ್ಣವೆಂಬ ಒಂದು ಅಭ್ಯಾಸದ ರಚನೆ ನುಡಿಸಿಯೇ ಮಲಗುತ್ತಾಳೆ. ಹುಡುಗ ಪ್ರವೇಶಿಕಾ ಪೂರ್ಣಕ್ಕೆ ಕುಳಿತಿದ್ದಾನೆ. ಇನ್ನು ಮೇಲೆ ಲಿಖಿತವೂ ಇದೆಯೆಂದು ಮುಖ ಊದಿಸಿಕೊಂಡಿದ್ದಾನೆ.

ಮೊನ್ನೆ ಎದುರು ಮನೆಯವರು ಬಂದಿದ್ದರು. ಮಗಳಿಗೆ ಏಳು ವರ್ಷ, ಕೊಳಲು ಬೇಕೆನ್ನುತ್ತಿದ್ದಾಳಂತೆ. "ಯಾವ ಪರೀಕ್ಷೆ ಕಟ್ಟಿಸೋಣ ಅಣ್ಣಾ?" ಎಂದರು. ನಿಮ್ಮ ಮನೆಯಲ್ಲಿ ಮಿಕ್ಸಿ ಎಷ್ಟು ಹೊತ್ತಿಗೆ ಹಾಕುತ್ತೀರಿ, ಅಜ್ಜಿಯ ಧಾರಾವಾಹಿ ಎಷ್ಟಕ್ಕೆ, ನಲ್ಲಿಗೆ ನೀರು ಬಿಡುವ ದಿನ ಕೊಡ ತುಂಬಿಸುವವರು ಯಾರು ಎಂದು ಕೇಳಿದೆ. ಅವರು ಬೆರಳು ಮಡಚುತ್ತ ಲೆಕ್ಕ ಹಾಕಿದರು. ಸಂಜೆ ಆರೂಕಾಲರಿಂದ ಆರೂಮುಕ್ಕಾಲು ಖಾಲಿ ಇದೆ ಎಂದರು.