ಫೆಟ್ ಸಿಮ್ಯುಲೇಶನ್: ವಿಜ್ಞಾನ ಕಲಿಸುವವರು ಒಮ್ಮೆ ನೋಡಲೇಬೇಕು
ನಾನು ಬಾಗಲಕೋಟೆ ಹತ್ತಿರದ ಹಳ್ಳಿಯೊಂದರಲ್ಲಿ ಹೈಸ್ಕೂಲ್ ಮಕ್ಕಳಿಗೆ ವಿಜ್ಞಾನ ಕಲಿಸುತ್ತೇನೆ. 2020ರ ಕೊನೆಗೆ ಫ್ಲ್ಯಾಶ್ (ಬ್ರೌಸರ್‌ನಲ್ಲಿ ಅನಿಮೇಶನ್ ಪಾಠ ಓಡಿಸುತ್ತಿದ್ದ ತಂತ್ರಾಂಶ) ನಿಂತುಹೋದಾಗ, ವರ್ಷಗಟ್ಟಲೆ ಪೆನ್‌ಡ್ರೈವ್‌ನಲ್ಲಿ ಕೂಡಿಟ್ಟಿದ್ದ ಪಾಠಗಳು ಬ್ರೌಸರ್‌ನಲ್ಲಿ ತೆರೆಯಲೇ ಇಲ್ಲ. ತುಂಬಾ ಬೇಜಾರಾಯಿತು.

ಆಗ ಕೈಹಿಡಿದದ್ದು ಅಮೆರಿಕದ ಕೊಲರಾಡೋ ಬೌಲ್ಡರ್ ವಿಶ್ವವಿದ್ಯಾಲಯದ ಫೆಟ್ (PhET), ಅಂದರೆ ಪ್ರಯೋಗಗಳನ್ನು ಪರದೆಯ ಮೇಲೆ ಮಾಡಿ ನೋಡುವ ಸಿಮ್ಯುಲೇಶನ್‌ಗಳ ಸಂಗ್ರಹ. 2002ರಲ್ಲಿ ಶುರುವಾಗಿದ್ದು, ಉಚಿತ. ಹಳೆಯ ಸಿಮ್ಯುಲೇಶನ್‌ಗಳನ್ನು ಒಂದೊಂದಾಗಿ, ಬ್ರೌಸರ್‌ನಲ್ಲಿ ನೇರವಾಗಿ ಓಡುವ ಎಚ್‌ಟಿಎಮ್‌ಎಲ್5ಗೆ ಬದಲಿಸುತ್ತಾ ಬಂದಿದ್ದಾರೆ, ಹಾಗಾಗಿ ಮೊಬೈಲ್‌ನಲ್ಲೂ ಓಡುತ್ತವೆ, ಕನ್ನಡದಲ್ಲೂ ಸಿಗುತ್ತವೆ. ಒಮ್ಮೆ ಇಳಿಸಿಕೊಂಡರೆ ನೆಟ್ ಬೇಕಿಲ್ಲ, ನಮ್ಮಂಥ ಊರಿಗೆ ಇದೇ ದೊಡ್ಡದು ಅಲ್ವಾ!

ಸರ್ಕ್ಯೂಟ್ ಪಾಠದ ದಿನ ಮಕ್ಕಳೇ ಪರದೆಯ ಮೇಲೆ ಬ್ಯಾಟರಿ, ವೈರು, ಬಲ್ಬ್ ಜೋಡಿಸಿದರು. ಸರಣಿಯಲ್ಲಿ ಇನ್ನೊಂದು ಬಲ್ಬ್ ಹಾಕಿದ ಕೂಡಲೇ, 'ಬೆಳಕು ಯಾಕೆ ಕಡಿಮೆ ಆಯ್ತು ಸರ್?' ಅಂತ ಒಬ್ಬಳು ತಾನಾಗಿಯೇ ಕೇಳಿದಳು. ಜಾವಾ ಎಂಬ ಪ್ರೋಗ್ರಾಮಿಂಗ್ ಭಾಷೆಯಲ್ಲಿದ್ದ ಹಳೆಯ ಸಿಮ್ಯುಲೇಶನ್‌ಗಳು ಕೆಲವು ಇನ್ನೂ ಬದಲಾಗಿಲ್ಲ, ಅದೊಂದು ಕೊರತೆ. ಪ್ರತಿ ವರ್ಷ ಶಾಲೆ ಶುರುವಾಗುವ ಮೊದಲು ಹೊಸ ಆವೃತ್ತಿ ಇಳಿಸಿಕೊಂಡು, ಶಾಲೆಯ ಕಂಪ್ಯೂಟರ್‌ನಲ್ಲೇ ಒಮ್ಮೆ ಓಡಿಸಿ ನೋಡಿ.