ಥೀಸಿಸ್ ಬೈಂಡಿಂಗೂ ಪೋಸ್ಟರೂ ಹಾಸನದಲ್ಲೇ ಚೆನ್ನಾಗಾಗುತ್ತೆ, ಬೆಂಗಳೂರಿಗೆ ಓಡ್ಬೇಡಿ

4 ಸ್ಟಾರ್. ಒಂದು ಯಾಕೆ ಕಮ್ಮಿ ಅಂತ ಕೆಳಗೆ ಬರ್ದಿದೀನಿ.

ಬಿ.ಎಂ. ರೋಡಲ್ಲಿ ಹೊರಗಿಂದ ನೋಡಿದ್ರೆ ಮಾಮೂಲಿ ಫ್ಲೆಕ್ಸ್ ಅಂಗಡಿ. ನಾಮಕರಣ, ಗೃಹಪ್ರವೇಶ, ಯಾವುದೋ ಅಣ್ಣನ ಹುಟ್ಟುಹಬ್ಬ, ಎಲ್ಲಾ ಸುರುಳಿ ಸುತ್ಕೊಂಡು ಬಾಗಿಲ ಹತ್ರ ನಿಂತಿರುತ್ವೆ. ಒಳಗೆ ಜೆರಾಕ್ಸು, ಡಿಟಿಪಿ, ಹಿಂದುಗಡೆ ಬೈಂಡಿಂಗು. ನಾನು ಹಣ್ಣಿನ ನೊಣದ ಮೆದುಳಿನ ಮೇಲೆ ಪಿಎಚ್‌ಡಿ ಮಾಡಿ ಈಗ ಇಲ್ಲೇ ಪಾಠ ಮಾಡ್ತಿರೋನು, ಥೀಸಿಸ್ ಸಾರಾಂಶದಿಂದ (ಸಿನಾಪ್ಸಿಸ್) ಹಿಡಿದು ಕೆಲಸದ ಅರ್ಜಿವರೆಗೆ ನನ್ನ ಕಾಗದ ಎಲ್ಲಾ ಇದೇ ಅಂಗಡಿಯ ಮಷೀನಿಂದ ಬಂದಿದ್ದು. ನ್ಯೂರೋಸೈನ್ಸ್ ಅಂದ್ರೆ ಜನ ಮೈಕ್ರೋಸ್ಕೋಪು ಅನ್ಕೊತಾರೆ, ಅದ್ರಲ್ಲಿ ಅರ್ಧ ಪ್ರಿಂಟೌಟು ಅಂತ ಯಾರೂ ಹೇಳಲ್ಲ.

ಪೋಸ್ಟರ್ ವಿಷ್ಯಕ್ಕೆ ಬರ್ತೀನಿ. ಕಾನ್ಫರೆನ್ಸಲ್ಲಿ ಹೊಸಬರಿಗೆ ಮೈಕು ಸಿಗೋದು ಅಪರೂಪ, ಒಂದು ಬೋರ್ಡ್ ಕೊಡ್ತಾರೆ, ಅದಕ್ಕೆ ಪೋಸ್ಟರ್ ಅಂಟಿಸ್ಕೊಂಡು ಪಕ್ಕದಲ್ಲಿ ನಿಂತು ಹೋಗೋರು ಬರೋರಿಗೆಲ್ಲಾ ವರ್ಷಗಟ್ಟಲೆ ಮಾಡಿದ ಕೆಲ್ಸಾನ ಎರಡು ನಿಮಿಷದಲ್ಲಿ ಹೇಳ್ಬೇಕು. ಸೈಜು ಎ0, ಅಂದ್ರೆ 84 ಸೆಂ.ಮೀ.ಗೆ 119. ಅಂಗಡೀಲಿ ಎ0 ಅನ್ಬೇಡಿ, ಮೂರಡಿ ನಾಕಡಿ ಅನ್ನಿ, ಅಂಚು ಕಟ್ ಮಾಡ್ಕೊಡ್ತಾರೆ. ತಲೆನೋವು ಇರೋದು ಬಣ್ಣದಲ್ಲಿ. ಕಾನ್ಫೋಕಲ್ ಅನ್ನೋ ಮೈಕ್ರೋಸ್ಕೋಪಲ್ಲಿ ತೆಗೆದ ಫೋಟೋ ಅಂದ್ರೆ ಪೂರ್ತಿ ಕಪ್ಪು ಹಿನ್ನೆಲೆ, ಮಧ್ಯ ಜಿಎಫ್‌ಪಿ ಅನ್ನೋ ಪ್ರೋಟೀನಿಂದ ಹಸಿರಾಗಿ ಹೊಳೆಯೋ ನರಕೋಶಗಳು, ಸ್ಕ್ರೀನಲ್ಲಿ ನೋಡಕ್ಕೆ ಜಗಜಗ ಅಂತಿರುತ್ತೆ, ಆದ್ರೆ ಮಷೀನು ಹೊಡಿಯೋದು ನಾಕು ಇಂಕಲ್ಲಿ, ಆ ಹಸಿರು ಅದ್ರಲ್ಲಿ ಬರೋದೇ ಇಲ್ಲ, ಒಣಗಿದ ಕೊತ್ತಂಬರಿ ಸೊಪ್ಪಿನ ಥರ ಬರುತ್ತೆ. ಬೇರೆ ಕಡೆ 'ಫೈಲೇ ಹಂಗಿದೆ ಸಾರ್' ಅಂದು ಕೈ ತೊಳ್ಕೊತಾರೆ. ಇಲ್ಲಿ ಡಿಟಿಪಿ ಮಾಡೋ ಅಕ್ಕ ಮೊದ್ಲು ಒಂದು ಚಿಕ್ಕ ತುಂಡು ಹೊಡ್ಸಿ, ಬಾಗಿಲ ಹೊರಗೆ ತಂದು ಬಿಸಿಲಿಗೆ ಹಿಡಿದು ನೋಡ್ತಾರೆ, ಹಸಿರಿಗೆ ಚೂರು ಹಳದಿ ಏರಿಸ್ತಾರೆ, ಕಪ್ಪು ಜಾಗಕ್ಕೆ ಇಂಕು ಜಾಸ್ತಿ ಸುರೀದಂಗೆ ತಗ್ಗಿಸ್ತಾರೆ, ಇಲ್ದಿದ್ರೆ ಸುತ್ತಿಟ್ಟಾಗ ಒಂದಕ್ಕೊಂದು ಅಂಟ್ಕೊಳುತ್ತೆ. ಹೊಳೆಯೋ ಸ್ಟಾರ್ ಫ್ಲೆಕ್ಸ್ ತಗೋಬೇಡಿ, ಕಾನ್ಫರೆನ್ಸ್ ಹಾಲ್‌ನ ಟ್ಯೂಬ್‌ಲೈಟೆಲ್ಲಾ ಅದ್ರಲ್ಲಿ ಕಾಣ್ಸುತ್ತೆ, ಮ್ಯಾಟ್ ವಿನೈಲ್ ಕೇಳಿ. ಕೆಂಪು ಹಸಿರು ಒಟ್ಟಿಗೆ ಹಾಕೋ ಬದ್ಲು ಮೆಜೆಂಟಾ ಹಸಿರು ಹಾಕಿ, ಬಣ್ಣಗುರುಡು ಇರೋರಿಗೂ ಬೇರೆ ಬೇರೆ ಕಾಣುತ್ತೆ, ಇದು ಅಂಗಡಿಯವರಿಗೆ ಸಂಬಂಧ ಇಲ್ಲ, ನನ್ನ ಕಡೆಯಿಂದ.

ಆ ಅಕ್ಕನೇ ಒಂದ್ಸಲ ಕೇಳಿದ್ರು, 'ಅಲ್ಲಾ ಸಾರ್, ನೊಣಕ್ಕೂ ಮೆದುಳಿದ್ಯಾ?' ಇದೆ, ಗಸಗಸೆ ಕಾಳಿನಷ್ಟು. ಅದ್ರ ಪೂರ್ತಿ ನಕ್ಷೆ 2024ರಲ್ಲಿ ಪ್ರಕಟ ಆಯ್ತು, 1,39,000ಕ್ಕೂ ಜಾಸ್ತಿ ನರಕೋಶ, ಅವುಗಳ ಮಧ್ಯೆ 5 ಕೋಟಿಗೂ ಮೇಲೆ ಕನೆಕ್ಷನ್ನು. ಮನುಷ್ಯಂದು ಅಂದಾಜು 8,600 ಕೋಟಿ ನರಕೋಶ. 'ಅಷ್ಟಿದ್ದೂ ಜನ ಫ್ಲೆಕ್ಸಲ್ಲಿ ಹೆಸ್ರು ತಪ್ಪು ಬರ್ಸ್ತಾರಲ್ಲ' ಅಂದ್ರು, ಉತ್ತರ ನನ್ನ ಹತ್ರ ಇರ್ಲಿಲ್ಲ.

ಥೀಸಿಸ್ ಬೈಂಡಿಂಗ್ ಸೂಪರ್. ರೆಕ್ಸಿನ್ ಗಟ್ಟಿ, ಹೊಲಿಗೆ ಹಾಕ್ತಾರೆ, ಬರೀ ಗಮ್ಮಲ್ಲ, ಬೆನ್ನ ಮೇಲಿನ ಚಿನ್ನದ ಬಣ್ಣದ ಅಕ್ಷರ ಇನ್ನೂ ಉದುರಿಲ್ಲ. ಎಷ್ಟು ಕಾಪಿ, ಯಾವ ಬಣ್ಣ ಅಂತ ಗೈಡ್ ಹತ್ರ ಕೇಳ್ಕೊಂಡೇ ಬನ್ನಿ ಅಂತ ಓನರೇ ವಾಪಸ್ ಕಳಿಸ್ತಾರೆ, ದುಡ್ಡು ಬರೋದಿದ್ರೂ. ಮುಖಪುಟದಲ್ಲಿ ಕನ್ನಡ ಇದ್ರೆ ಟೈಪ್ ಮಾಡಿದ್ದು ನುಡೀಲೋ ಯೂನಿಕೋಡಲ್ಲೋ ಅಂತ ಮೊದ್ಲೇ ಹೇಳಿ, ಅವರ ಡಿಸೈನ್ ಸಾಫ್ಟ್‌ವೇರ್ ಕೋರೆಲ್ ಡ್ರಾ ಹಳೇದು, ಯೂನಿಕೋಡ್ ಹಾಕಿದ್ರೆ ಒತ್ತಕ್ಷರ ಎಲ್ಲಾ ಬಿಚ್ಕೊಂಡು ಬರುತ್ತೆ. ಪ್ಲೇಜಿಯರಿಸಂ ರಿಪೋರ್ಟು, ಅಂದ್ರೆ ಬೇರೆಯವರ ಬರಹ ಕದ್ದಿಲ್ಲ ಅನ್ನೋ ಪರೀಕ್ಷೆ, ಇಲ್ಲಿ ಕೇಳ್ಬೇಡಿ, ಅದು ಯೂನಿವರ್ಸಿಟೀಲೇ ಆಗ್ಬೇಕು. 2018ರ ಯುಜಿಸಿ ನಿಯಮದಲ್ಲಿ ಹೋಲಿಕೆ 10 ಪರ್ಸೆಂಟ್ ಒಳಗಿದ್ರೆ ತೊಂದ್ರೆ ಇಲ್ಲ. ಸಾಫ್ಟ್ ಕಾಪಿ ಶೋಧಗಂಗಾ ಅನ್ನೋ ಥೀಸಿಸ್‌ಗಳ ಆನ್‌ಲೈನ್ ಭಂಡಾರಕ್ಕೆ ಹೋಗುತ್ತೆ, ಅದಕ್ಕೆ ಪಿಡಿಎಫ್ ಸರಿ ಮಾಡ್ಕೊಡ್ತಾರೆ.

ಕೆಲಸದ ಅರ್ಜಿ ಸೆಟ್ಟು ಬಗ್ಗೆ ಜಾಸ್ತಿ ಏನಿಲ್ಲ, ನೆಟ್ಟು, ಕೆಸೆಟ್ಟು ಅನ್ನೋ ಅಧ್ಯಾಪಕರ ಅರ್ಹತಾ ಪರೀಕ್ಷೆಗಳದ್ದು, ಅನುಭವದ ಸರ್ಟಿಫಿಕೇಟು, ಪಬ್ಲಿಕೇಶನ್ನು, ಸ್ಪೈರಲ್ ಹಾಕಿ ಕೊಡ್ತಾರೆ ಅಷ್ಟೇ. ಕ್ಲಾಸಿಗೆ ಮಾಡ್ಸಿದ ಚಾರ್ಟ್ ಮಾತ್ರ ನೋಡ್ಬೇಕು ನೀವು. ಪಾರಿವಾಳದ ಸೆರೆಬೆಲ್ಲಂನ (ಕಿರುಮೆದುಳು) ಪರ್ಕಿಂಜೆ ಕೋಶ ಅನ್ನೋ ಮರದ ಥರ ಕವಲೊಡೆದ ನರಕೋಶದ್ದು, ಸ್ಪೇನಿನ ವಿಜ್ಞಾನಿ ಕಹಾಲ್ ಕೈಯಲ್ಲೇ ಬರೆದ ಚಿತ್ರ, ನಾಕಡಿ ಎತ್ತರ, ಒಂದೊಂದು ಕವಲೂ ಹಿಂದಿನ ಬೆಂಚಿಗೂ ಕಾಣುತ್ತೆ. ಇಟಲಿಯ ವಿಜ್ಞಾನಿ ಗಾಲ್ಜಿ 1873ರಲ್ಲಿ ಕಂಡುಹಿಡಿದ, ನರಕೋಶಕ್ಕೆ ಬಣ್ಣ ಹಾಕೋ ವಿಧಾನ ತಗೊಂಡೇ ಕಹಾಲ್, ನರಗಳೆಲ್ಲಾ ಸೇರಿ ಒಂದೇ ಬಲೆ ಅನ್ನೋ ಗಾಲ್ಜಿ ವಾದಾನ ಉಲ್ಟಾ ಹೊಡೆದ, ಒಂದೊಂದು ನರಕೋಶವೂ ಬೇರೆ ಬೇರೆ ಅಂದ, ಆಮೇಲೆ 1906ರಲ್ಲಿ ಇಬ್ಬರಿಗೂ ಒಟ್ಟಿಗೆ ನೊಬೆಲ್ ಬಂತು, ಪಾಪ ಒಂದೇ ವೇದಿಕೆ. ಈ ಕಥೆ ಚಾರ್ಟ್ ಮುಂದೆ ನಿಂತು ಹೇಳಿದ್ರೆ ಹುಡುಗ್ರು ಫೋನ್ ಕೆಳಗಿಡ್ತಾರೆ, ಪ್ರೊಜೆಕ್ಟರಲ್ಲಿ ಹೇಳಿದ್ರೆ ಇಲ್ಲ.

ಈಗ ಆ ಒಂದು ಸ್ಟಾರು. ದೀಪಾವಳಿ ಹೊತ್ತಿಗೆ ಹಾಸನಾಂಬ ದೇವಸ್ಥಾನ ಬಾಗಿಲು ತೆಗೆದ್ರೆ ಮುಗೀತು, ಸ್ವಾಗತ ಕೋರೋ ಫ್ಲೆಕ್ಸುಗಳ ಕೆಳಗೆ ನಿಮ್ಮ ಥೀಸಿಸ್ ಸಿಕ್ಕಾಕೊಳುತ್ತೆ, ನಾಳೆ ನಾಳೆ ಅಂತಾರೆ, ಅರ್ಜೆಂಟ್ ಚಾರ್ಜು ಮೊದ್ಲು ಹೇಳಲ್ಲ, ಬಿಲ್ಲಲ್ಲಿ ಬರುತ್ತೆ. ಅದಕ್ಕಿಂತ ಬೇಜಾರು ಫೈಲಿನದು. ಇನ್ನೂ ಪಬ್ಲಿಶ್ ಆಗದಿರೋ ನನ್ನ ಡೇಟಾ 'ಮೆದುಳು ಸಾರ್' ಅನ್ನೋ ಫೋಲ್ಡರಲ್ಲಿ ಅವರ ಡೆಸ್ಕ್‌ಟಾಪ್ ಮೇಲೆ, ಮದ್ವೆ ಕಾರ್ಡುಗಳ ಪಕ್ಕ, ಎಷ್ಟೋ ಕಾಲ ಬಿದ್ದಿತ್ತು. ಕೇಳಿದ್ರೆ 'ಇರ್ಲಿ ಬಿಡಿ ಸಾರ್, ಮತ್ತೆ ಬೇಕಾಗುತ್ತೆ' ಅಂತಾರೆ. ಇರ್ಲಿ ಅನ್ಬೇಡಿ, ಮುಂದೆ ನಿಂತು ಡಿಲೀಟ್ ಮಾಡ್ಸಿ, ರೀಸೈಕಲ್ ಬಿನ್ನೂ ಖಾಲಿ ಮಾಡ್ಸಿ. ಪೆನ್‌ಡ್ರೈವ್ ಬೇಡ, ವೈರಸ್ ಗ್ಯಾರಂಟಿ, ಮೇಲ್ ಮಾಡಿ.

ಭಾನುವಾರ ಮಧ್ಯಾಹ್ನದ ತನಕ ತೆಗ್ದಿರ್ತಾರೆ. ಬೆಳಿಗ್ಗೆ ಬೇಗ ಹೋದ್ರೆ ಅಕ್ಕ ಸಿಗ್ತಾರೆ, ಸಂಜೆ ಹುಡುಗ ಇರ್ತಾನೆ, ಅವನ ಕೈಗೆ ಕಲರ್ ಫೈಲ್ ಕೊಡ್ಬೇಡಿ.